ಆಕರಗಳು ಹಲವು, ಸೂಚಿ ಒಂದು: ದತ್ತಾಂಶ ಸಂಗ್ರಹಣದಲ್ಲಿ ವಿನ್ಯಾಸದ ಆಯ್ಕೆ



ಕನ್ನಡ ಗ್ರಂಥಗಳ ಸೂಚಿಯೊಂದನ್ನು ಗಣಕದಲ್ಲಿ ಸಿದ್ಧಪಡಿಸಲು ಹೊರಟವನಿಗೆ ಗ್ರಂಥಗಳ ಅಭಾವವಾಗಲಿ ಯಂತ್ರಶಕ್ತಿಯ ಅಭಾವವಾಗಲಿ ಅಡ್ಡಿಯಾಗುವುದಿಲ್ಲ. ಒಂದೇ ಗ್ರಂಥದ ವಿವರವು ಮೂರು ಕಡೆಗಳಿಂದ ಮೂರು ವೇಷಗಳಲ್ಲಿ ಬಂದು ನಿಲ್ಲುವುದೇ ಅವನ ಮೊದಲ ತೊಡಕು. ಒಂದು ಕಡೆ, ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿಟ್ಟ ಹಳೆಯ ಕಡತಗಳು. ಇನ್ನೊಂದು ಕಡೆ, ಗ್ರಂಥಾಲಯದ ಗುಮಾಸ್ತರು ಎಕ್ಸೆಲ್ ಹಾಳೆಯಲ್ಲಿ ತುಂಬಿ ಸಿಎಸ್‌ವಿ ರೂಪದಲ್ಲಿ ಕಳುಹಿಸಿದ ಪಟ್ಟಿ. ಮತ್ತೊಂದು ಕಡೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ 1960ರ ದಶಕದಲ್ಲಿ ಹೆನ್ರಿಯೆಟ್ ಏವ್ರಮ್ ಅವರ ನೇತೃತ್ವದಲ್ಲಿ ರೂಪುಗೊಂಡ ಮಾರ್ಕ್ ಪದ್ಧತಿಯ ದಾಖಲೆಗಳು. ಈ ಮೂರನೆಯವುಗಳಲ್ಲಿ ಗ್ರಂಥದ ಹೆಸರು 245 ಎಂಬ ಅಂಕದ ಅಂಕಣದಲ್ಲಿ, ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿ, ಕುಳಿತಿರುತ್ತದೆ. ಇವೆಲ್ಲವನ್ನೂ ಓದಿ ಒಂದೇ ಸೂಚಿಯೊಳಗೆ ಅಡಕಗೊಳಿಸುವ ಕಾರ್ಯಕ್ಕೆ ಯಾವ ವಿನ್ಯಾಸಮಾದರಿಯು ಯೋಗ್ಯವೆಂಬುದೇ ಇಂದಿನ ನನ್ನ ವಿಷಯ.

ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೀಸ್ ಎಂಬ ನಾಲ್ವರು ಕೂಡಿ 1994ರಲ್ಲಿ ಪ್ರಕಟಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥದಲ್ಲಿ 23 ಮಾದರಿಗಳ ನಿರೂಪಣೆಯಿದೆ. ಅದನ್ನೋದಿದ ತರುಣರು ಕೆಲಸ ಕೈಗೆ ಬಂದೊಡನೆ ಈ 23ರಲ್ಲಿ ತಮಗೆ ಒದಗತಕ್ಕದ್ದು ಯಾವುದೆಂದು ಹುಡುಕತೊಡಗುವುದು ವಾಡಿಕೆಯಾಗಿದೆ. ಈ ಕ್ರಮವು ನನಗೆ ವಿಪರೀತವಾಗಿ ತೋರುತ್ತದೆ. ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲೇ, 1972ರಲ್ಲಿ, ಡೇವಿಡ್ ಪಾರ್ನಾಸ್ ಅವರು ತಂತ್ರಾಂಶವನ್ನು ಭಾಗಗಳಾಗಿ ಒಡೆಯುವ ನ್ಯಾಯವನ್ನು ವಿಚಾರಿಸುತ್ತ, ಕೆಲಸದ ಮೆಟ್ಟಿಲುಗಳನ್ನನುಸರಿಸಿ ಒಡೆಯಲಾಗದು, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನು ಒಂದೊಂದು ಭಾಗದೊಳಗೆ ಮರೆಮಾಡತಕ್ಕದ್ದು ಎಂದು ಪ್ರತಿಪಾದಿಸಿದ್ದರು. ಆದುದರಿಂದ ಮಾದರಿಯ ಹೆಸರನ್ನು ಕೇಳುವುದಕ್ಕೆ ಮೊದಲು, ನಮ್ಮ ಮೂರು ಆಕರಗಳ ನಡುವೆ ಭಿನ್ನವಾಗಿರುವುದೇನು, ನಾಳೆ ಬದಲಾಗುವುದೇನು ಎಂಬುದನ್ನು ಕೇಳೋಣ.

ನುಡಿ ಕಡತದಲ್ಲಿರುವ ‘ಧರ್ಮ’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ, ಧಕಾರ, ರಕಾರ, ಹಲಂತಚಿಹ್ನೆ, ಮಕಾರ ಎಂಬುದಾಗಿ ನಿಲ್ಲುತ್ತದೆ. ಹಳೆಯ ಅಕ್ಷರಶೈಲಿಯಲ್ಲಿಯಾದರೋ ಕಣ್ಣಿಗೆ ಕಾಣುವ ಕ್ರಮದಲ್ಲಿ, ಧಕಾರ, ಮಕಾರ, ಕೊನೆಗೆ ಅರ್ಕಾವೊತ್ತು. ಅರ್ಕಾವೊತ್ತನ್ನು ಹಿಡಿದು ಮಕಾರದ ಹಿಂದಕ್ಕೆ ಸರಿಸಿ ರಕಾರವನ್ನಾಗಿ ಮಾಡದ ಹೊರತು ಈ ಪದವು ಹುಡುಕಾಟದಲ್ಲಿ ಎಂದಿಗೂ ದೊರೆಯದು. ಸಿಎಸ್‌ವಿ ಪಟ್ಟಿಯ ತೊಂದರೆ ಬೇರೆಯದು: ಎಕ್ಸೆಲ್ ಕೆಲವೊಮ್ಮೆ ಕಡತದ ಆದಿಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳನ್ನು ಸೇರಿಸಿಬಿಡುವುದರಿಂದ, ಮೊದಲ ಅಂಕಣದ ಶೀರ್ಷಿಕೆ ‘ಹೆಸರು’ ಎಂದೇ ತೋರುತ್ತಿದ್ದರೂ ಯಂತ್ರವು ಅಂಥ ಅಂಕಣವೇ ಇಲ್ಲವೆಂದು ವಾದಿಸುತ್ತದೆ. ಮಾರ್ಕ್ ದಾಖಲೆಯಲ್ಲಿ ಲಿಪ್ಯಂತರದ ಚುಕ್ಕೆಗಳು ಉದುರಿಹೋಗಿದ್ದರಂತೂ ನಕಾರ ಣಕಾರಗಳ, ಲಕಾರ ಳಕಾರಗಳ ಭೇದವೇ ಅಳಿದುಹೋಗಿರುತ್ತದೆ. ಇಂಥ ಜ್ಞಾನವು ಆಯಾ ಆಕರಕ್ಕೆ ಮಾತ್ರ ಸಂಬಂಧಪಟ್ಟದ್ದು. ಸೂಚಿಯ ಹೃದಯಭಾಗದಲ್ಲಿ ಅರ್ಕಾವೊತ್ತಿನ ಪ್ರಸ್ತಾಪ ಬರುವಂತಿದ್ದರೆ ವಿನ್ಯಾಸವು ಅಲ್ಲಿಯೇ ಕೆಟ್ಟಿತೆಂದು ತಿಳಿಯಬೇಕು. ಒಂದೊಂದು ಆಕರದ ಬಾಗಿಲಲ್ಲಿ ಒಂದೊಂದು ಅಡಾಪ್ಟರನ್ನು ನಿಲ್ಲಿಸಿ, ಒಳಬರುವುದೆಲ್ಲವೂ ಒಂದೇ ರೂಪದ ಗ್ರಂಥದಾಖಲೆಯಾಗಿ ಬರುವಂತೆ ಮಾಡುವುದೇ ಇಲ್ಲಿ ಯುಕ್ತ.

ಉಳಿದ ಮಾದರಿಗಳ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಒಂದೇ ಕೆಲಸವನ್ನು ಮಾಡಲು ಸರಿಸಮಾನವಾದ ಹಲವು ವಿಧಾನಗಳಿದ್ದು ಅವುಗಳಲ್ಲೊಂದನ್ನು ಸಂದರ್ಭಾನುಸಾರ ಆರಿಸಬೇಕಾದಾಗ ಸ್ಟ್ರಾಟೆಜಿ. ಕಡತವನ್ನು ನೋಡಿ ಯಾವ ಅಡಾಪ್ಟರನ್ನು ಸೃಷ್ಟಿಸಬೇಕೆಂದು ನಿರ್ಣಯಿಸಲು ಫ್ಯಾಕ್ಟರಿ. ಯಾವುದಾದರೊಂದು ಆಕರದಿಂದ ಉತ್ತರ ಬಂದರೆ ಸಾಕು, ಮುಂದಿನದನ್ನು ಕೇಳಬೇಕಾಗಿಲ್ಲ ಎಂಬಲ್ಲಿ ಚೈನ್ ಆಫ್ ರೆಸ್ಪಾನ್ಸಿಬಿಲಿಟಿಯು ಸೊಗಸಾದುದೇ ಹೌದು. ಆದರೆ ಮೂರು ಆಕರಗಳನ್ನೂ ಕೇಳಿಯೇ ತೀರಬೇಕಾದ ನಮ್ಮ ಸೂಚಿಗೆ ಅದು ಸಲ್ಲದು. ಸಾಮಾನ್ಯ ಕ್ರಮವನ್ನು ತಾಯಿವರ್ಗದಲ್ಲಿಟ್ಟು ವ್ಯತ್ಯಾಸಗಳನ್ನು ಮಕ್ಕಳಿಗೆ ಬಿಡುವ ಟೆಂಪ್ಲೇಟ್ ಮೆಥಡ್ಡಿನ ಬಗೆಗೆ ಮಾತ್ರ ನನಗೆ ಸ್ವಲ್ಪ ಅನುಮಾನ. ಎರಡು ಆಕರಗಳಿರುವಾಗ ಅಚ್ಚುಕಟ್ಟಾಗಿ ಕಾಣುವ ಆ ವಂಶವೃಕ್ಷವು ನಾಲ್ಕನೆಯ ಆಕರ ಬರುವ ವೇಳೆಗೆ ‘ಈ ಮಗುವಾದರೆ ಹೀಗೆ’ ಎಂಬ ವಿನಾಯಿತಿಗಳಿಂದ ತುಂಬಿಹೋಗುತ್ತದೆ.

ಆದರೆ ಅಡಾಪ್ಟರು ಮರೆಮಾಡಬಾರದ ಸಂಗತಿಯೂ ಒಂದಿದೆ. ಆಕರದಲ್ಲಿ ಗ್ರಂಥವು ಇಲ್ಲವೆಂಬುದು ಬೇರೆ, ಆಕರವೇ ಕೈಗೆ ಸಿಗಲಿಲ್ಲವೆಂಬುದು ಬೇರೆ. ಎರಡಕ್ಕೂ ಬರಿದಾದ ಪಟ್ಟಿಯನ್ನೇ ಮರಳಿಸುವ ಅಡಾಪ್ಟರು, ಜಾಲಸಂಪರ್ಕ ಕಡಿದ ರಾತ್ರಿಯಲ್ಲಿ, ಇದ್ದ ಗ್ರಂಥಗಳನ್ನೆಲ್ಲ ಸೂಚಿಯಿಂದ ಅಳಿಸಿಹಾಕಲು ಕಾರಣವಾದೀತು. ರೂಪವು ಏಕವಾಗಬೇಕೆಂಬ ಆಸೆಯಿಂದ ವೈಫಲ್ಯಗಳನ್ನೂ ಏಕಗೊಳಿಸುವ ಈ ಅಭ್ಯಾಸವನ್ನು ನಾನು ವಿನ್ಯಾಸದ ದೊಡ್ಡ ದೋಷವೆಂದೇ ಎಣಿಸುತ್ತೇನೆ.

ಇನ್ನು ಆಕರಗಳು ಪರಸ್ಪರ ವಿರೋಧಿಸಿದರೆ ಗತಿಯೇನು? ಒಂದೇ ಗ್ರಂಥದ ಪ್ರಕಟಣೆಯ ವರ್ಷವನ್ನು ಒಂದು 1956 ಎಂದೂ ಇನ್ನೊಂದು 1963 ಎಂದೂ ಹೇಳಿದರೆ, ಒಂದು ಮೊದಲ ಮುದ್ರಣವಾಗಿ ಇನ್ನೊಂದು ಮರುಮುದ್ರಣವಾಗಿರಬಹುದು. 1970ರಲ್ಲಿ ಐಎಸ್‌ಬಿಎನ್ ಪದ್ಧತಿ ಬರುವುದಕ್ಕೂ ಹಿಂದಿನ ಈ ಗ್ರಂಥಗಳಲ್ಲಿ ಅವೆರಡೂ ಒಂದೇ ಎನ್ನಲು ಆ ಸಂಖ್ಯೆಯ ಆಧಾರವೂ ಇರದು. ಇಲ್ಲಿ 23 ಮಾದರಿಗಳಲ್ಲಿ ಯಾವುದೂ ನೆರವಿಗೆ ಬಾರದು. ಒಂದು ಆಕರವನ್ನು ಸರ್ವಥಾ ಪ್ರಮಾಣವೆಂದು ಸ್ವೀಕರಿಸುವುದಕ್ಕಿಂತ, ಹೆಸರಿನ ಕಾಗುಣಿತಕ್ಕೆ ಪರಿವರ್ತಿತ ನುಡಿ ಕಡತ, ಪ್ರಕಟಣೆಯ ವರ್ಷಕ್ಕೆ ಮಾರ್ಕ್ ದಾಖಲೆ, ಪ್ರತಿಗಳ ಲೆಕ್ಕಕ್ಕೆ ಗ್ರಂಥಾಲಯದ ಹಾಳೆ ಎಂದು ಅಂಕಣವಾರು ಆದ್ಯತೆಯನ್ನು ಗೊತ್ತುಮಾಡಿ, ಸೋತ ಉತ್ತರವನ್ನೂ ಅದರ ಆಕರದ ಹೆಸರಿನೊಡನೆ ಉಳಿಸಿಡುವುದು ಲೇಸು. ಈ ಆದ್ಯತೆಯ ಪಟ್ಟಿಯನ್ನು ಪ್ರೋಗ್ರಾಮಿನ ಒಡಲೊಳಗೆ ಹುದುಗಿಸದೆ, ಗ್ರಂಥಪಾಲಕರು ತಾವೇ ಓದಿ ತಿದ್ದಬಹುದಾದ ಪ್ರತ್ಯೇಕ ಕಡತದಲ್ಲಿಡಬೇಕೆಂಬುದು ನನ್ನ ಸಲಹೆ. ಯಾವ ಮುದ್ರಣವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಬಲ್ಲವರು ಅವರೇ ಹೊರತು ಪ್ರೋಗ್ರಾಮು ಬರೆದವರಲ್ಲ.