ಒಣಗಿತು ಸರಿ, ತೊಳೆದಿರಾ?



ನೀರು ಸೋರಿ ಕೆಟ್ಟ ಕಂಪ್ಯೂಟರುಗಳ ಬಗ್ಗೆ ಎರಡು ದಿನ ಮಾತಾಡಲು ಸೇರಿದ್ದೇವೆ. ಈ ವಿಚಾರ ಸಂಕಿರಣವನ್ನು ಸಸಿಗೆ ನೀರೆರೆದು ಉದ್ಘಾಟಿಸಿದ್ದೀರಿ. ಹೊರಗೆ ಮಂಗಳೂರಿನ ಆಷಾಢದ ಮಳೆ, ಒಳಗೆ ಹಿತ್ತಾಳೆ ತಂಬಿಗೆಯ ನೀರು. ಸಸಿ ಇಟ್ಟ ಮೇಜಿನ ಮೇಲೇ ಪ್ರೊಜೆಕ್ಟರಿಗೆ ಸಿಕ್ಕಿಸಿದ ಲ್ಯಾಪ್‌ಟಾಪೂ ಇತ್ತು, ನಡುವೆ ಒಂದು ಗೇಣು. ಸಂಪ್ರದಾಯದಂತೆ ನಾವು ಐದು ಜನ ಒಂದೇ ತಂಬಿಗೆಗೆ ಕೈ ಹಾಕಿದೆವು. ಐದು ಕೈ ಸೇರಿದ ಮೇಲೆ ಚೆಲ್ಲದೆ ಇರುತ್ತದೆಯೇ? ನಾಲ್ಕು ಹನಿ ಕೀಬೋರ್ಡಿನ ಮೇಲೆ ಬಿತ್ತು. ಒಬ್ಬರು ಥಟ್ಟನೆ ಕರವಸ್ತ್ರ ತೆಗೆದು ಒರೆಸಿದರು. ಬಹಳ ಚೆನ್ನಾಗಿ ಒರೆಸಿದರು. ಆ ಕರವಸ್ತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸ್ವಾಗತ ಭಾಷಣದಲ್ಲಿ ನನ್ನನ್ನು ತಜ್ಞ ಎಂದರು. ನಲವತ್ತು ವರ್ಷ ಬೋರ್ಡು ರಿಪೇರಿ ಮಾಡಿದವನಿಗೆ ಹಾಗನ್ನುವುದು ವಾಡಿಕೆ. ಉಳಿಸಿದ ಬೋರ್ಡುಗಳ ಜೊತೆಗೆ ಕೊಂದವನ್ನೂ ಲೆಕ್ಕ ಹಿಡಿದಿದ್ದರೆ ಶಾಲು ಹೊದಿಸುವ ಮುಂಚೆ ನೀವು ಎರಡು ಸಲ ಯೋಚಿಸುತ್ತಿದ್ದಿರಿ.

ಆಶಯ ಭಾಷಣದಲ್ಲಿ ಈ ಕ್ಷೇತ್ರದ ಕೆಲಸವನ್ನೆಲ್ಲ ಸಮೀಕ್ಷೆ ಮಾಡಬೇಕಂತೆ. ಸೋರಿಕೆ ಹಿಡಿಯುವ ಕೇಬಲ್ಲಿನ ಬಗ್ಗೆ ಎರಡನೇ ಸಾಲಿನಲ್ಲಿರುವ ಪ್ರಾಧ್ಯಾಪಕರು ಮಧ್ಯಾಹ್ನ ಹೇಳುತ್ತಾರೆ. ಕಂಪ್ಯೂಟರನ್ನು ತಂಪಾಗಿಸುವ ನೀರಿನ ಲೂಪಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಟ್ಟು, ಪೈಪು ಬಿರಿದರೂ ನೀರು ಹೊರಬಾರದೆ ಗಾಳಿಯೇ ಒಳಹೋಗುವಂತೆ ಮಾಡುವ ವ್ಯವಸ್ಥೆಯನ್ನು ಅವರ ಪಕ್ಕದ ಮೇಡಂ ನನಗಿಂತ ಚೆನ್ನಾಗಿ ಬಲ್ಲರು. ಬೋರ್ಡನ್ನೇ ದ್ರವದಲ್ಲಿ ಮುಳುಗಿಸುವವರು ನಾಳೆ ಬರುತ್ತಾರೆ. 3ಎಂ ಕಂಪನಿ ಅಂಥ ಫ್ಲೋರಿನ್ ದ್ರವಗಳ ತಯಾರಿಕೆಯನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರಲ್ಲೇ ಹೇಳಿದ ಮೇಲೆ ಅವರ ಮುಖ ಸ್ವಲ್ಪ ಬಾಡಿದೆ. ಸಮೀಕ್ಷೆ ಮುಗಿಯಿತು. ನನ್ನ ಹಳೆಯ ಜಗಳಕ್ಕೆ ಬರೋಣ.

ಕಂಪ್ಯೂಟರಿಗೆ ನೀರು ಹೊಸ ನೆಂಟನಲ್ಲ. 1980ರಲ್ಲಿ ಐಬಿಎಂ ಪ್ರಕಟಿಸಿದ 3081ರಲ್ಲಿ ಚಿಪ್ಪುಗಳ ಮಾಡ್ಯೂಲಿನೊಳಗೆ ಹೀಲಿಯಂ ತುಂಬಿ, ಅದರ ನೆತ್ತಿಯ ಮೇಲೆ ಕೂತ ತಟ್ಟೆಯಲ್ಲಿ ನೀರು ಹರಿಸುತ್ತಿದ್ದರು. 90ರ ದಶಕದಲ್ಲಿ ಕಡಿಮೆ ಬಿಸಿಯಾಗುವ ಸಿಮಾಸ್ ಚಿಪ್ಪುಗಳು ಬಂದು ಫ್ಯಾನಿನ ಗಾಳಿಯೇ ಸಾಕಾಯಿತು. ನೀರು ಹೊರಟುಹೋಯಿತು. ನೀರಿನ ಜೊತೆ ಏಗಲು ಕಲಿತಿದ್ದವರೂ ನಿವೃತ್ತರಾದರು. ಈಗ ಎಐ ಕೆಲಸಕ್ಕೆ ಬಳಸುವ ಒಂದು ಎಚ್100 ಚಿಪ್ಪೇ 700 ವ್ಯಾಟ್ ತಿನ್ನುತ್ತದೆ. 72 ಚಿಪ್ಪುಗಳ ಜಿಬಿ200 ರ‍್ಯಾಕು 120 ಕಿಲೋವ್ಯಾಟಿನ ಆಸುಪಾಸು. ಒಂದು ಬೀರುವಿನೊಳಗೆ ನೂರಿಪ್ಪತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚಿಟ್ಟ ಹಾಗೆ. ಗಾಳಿಯ ಕೈಲಿ ಆಗುವ ಕೆಲಸವಲ್ಲ. ಹಾಗಾಗಿ ನೀರು ಮರಳಿ ಬಂತು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಗರು ಜೋಡಿಸುವ ಗೇಮಿಂಗ್ ಕಂಪ್ಯೂಟರಿಗೂ ಬಂತು. ಹಳಬರ ಕಲಿಕೆ ಮಾತ್ರ ಬರಲಿಲ್ಲ. ಅದರ ಜಾಗದಲ್ಲಿ ಒಂದು ಸ್ಟಿಕ್ಕರ್ ಬಂತು.

ಆ ಪುಟ್ಟ ಬಿಳಿ ಸ್ಟಿಕ್ಕರನ್ನು ನೀವೆಲ್ಲ ನೋಡಿದ್ದೀರಿ. ನೀರು ತಾಗಿದರೆ ಕೆಂಪಾಗುತ್ತದೆ. ಕೆಂಪಾಗಿದ್ದರೆ ವಾರಂಟಿ ಇಲ್ಲ. ನಮ್ಮ ದಾರಿ ತಪ್ಪಿದ್ದು ಅಲ್ಲೇ ಎನ್ನುವುದು ನನ್ನ ನಂಬಿಕೆ. ಅದಕ್ಕೆ ಗೊತ್ತಿರುವುದು ನೀರು ತಾಗಿತೋ ಇಲ್ಲವೋ ಎಂಬುದು ಮಾತ್ರ. ಯಾವ ನೀರು, ತಾಗಿದಾಗ ಕರೆಂಟು ಇತ್ತೇ, ಎಷ್ಟು ಹೊತ್ತು ಇತ್ತು, ಆಮೇಲೆ ತೊಳೆದರೇ, ಯಾವುದನ್ನೂ ಅದು ಕೇಳುವುದಿಲ್ಲ. ದುಡ್ಡು ಯಾರು ಕೊಡಬೇಕು ಎಂದು ತೀರ್ಮಾನಿಸಲು ಹುಟ್ಟಿದ ಪ್ರಶ್ನೆಯನ್ನೇ ನಾವು ರೋಗ ಹಿಡಿಯುವ ಪ್ರಶ್ನೆ ಮಾಡಿಕೊಂಡೆವು.

ನಾನು ಮೊದಲು ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ ಬೋರ್ಡುಗಳನ್ನು ನೀರಿನಲ್ಲೇ ತೊಳೆಯುತ್ತಿದ್ದರು. ಸೋಲ್ಡರ್ ಆದ ಮೇಲೆ ಉಳಿದ ಫ್ಲಕ್ಸ್ ಹೋಗಬೇಕಲ್ಲ. ತೊಳೆಯುವ ಸಾಲಿನಲ್ಲಿ ಒಬ್ಬ ಹೆಂಗಸು ಇದ್ದರು, ಮ್ಯಾನೇಜರ್ ಸಮೇತ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಒಣಗಿ ಬಂದ ಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿಯುವರು. ಹನಿ ಆರಿದ ಜಾಗದಲ್ಲಿ ಉಗುರಿನಷ್ಟು ಬಿಳಿ ಉಂಗುರ ಕಂಡರೆ ಮಾತಿಲ್ಲದೆ ಮತ್ತೆ ತೊಟ್ಟಿಗೆ. ‘ಅಕ್ಕಾ, ಒಣಗಿದೆಯಲ್ಲ’ ಎಂದೆ ಒಂದು ದಿನ. ‘ನೀರು ಒಣಗಿದೆ ಸಾರ್, ನೀರಿನಲ್ಲಿದ್ದದ್ದು ಎಲ್ಲಿಗೆ ಹೋಯಿತು?’ ಎಂದರು. ಆಮೇಲೆ ಓದಿದ ಯಾವ ಪುಸ್ತಕವೂ ನನಗೆ ಇದಕ್ಕಿಂತ ಹೆಚ್ಚು ಹೇಳಿಕೊಟ್ಟಿಲ್ಲ.

ನಿಮ್ಮ ಕರಾವಳಿಯಲ್ಲೇ, ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ, ಉಪ್ಪಿನ ಆಗರಗಳಿವೆ. ಅಲ್ಲಿ ಮಾಡುವುದೇನು? ನೀರು ನಿಲ್ಲಿಸುತ್ತಾರೆ, ಒಣಗಲು ಬಿಡುತ್ತಾರೆ, ಉಪ್ಪು ಬಾಚುತ್ತಾರೆ. ನೆನೆದ ಮದರ್‌ಬೋರ್ಡಿಗೆ ಹೇರ್ ಡ್ರೈಯರ್ ಹಿಡಿಯುವವರು ಮಾಡುವುದೂ ಅದನ್ನೇ, ಬಾಚುವುದೊಂದನ್ನು ಬಿಟ್ಟು. ಅಡುಗೆ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ. ಜೂನ್ ತಿಂಗಳಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ನಿಮ್ಮ ಮನೆಯವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ನೆನೆದು, ಒಣಗಿ, ಓಡಿದ ಬೋರ್ಡು ಮಳೆಗಾಲದಲ್ಲಿ ಸಾಯುವುದಕ್ಕೆ ಅರ್ಧ ಕಾರಣ ಅಲ್ಲಿದೆ.

ಕೂಲಂಟಿನದು ಇನ್ನೂ ಒಂದು ಕೈ ಹೆಚ್ಚು. ಅದರಲ್ಲಿ ನೀರಿನ ಜೊತೆ ಪ್ರೊಪಿಲೀನ್ ಗ್ಲೈಕಾಲ್, ತುಕ್ಕು ತಡೆಯುವ ರಾಸಾಯನಿಕ, ಪಾಚಿ ಕಟ್ಟದ ಹಾಗೆ ಒಂದು ಔಷಧ, ಅಂದಕ್ಕೆ ಒಂದಿಷ್ಟು ಬಣ್ಣ. ಗ್ಲೈಕಾಲ್ ಕುದಿಯುವುದು 188 ಡಿಗ್ರಿಗೆ. ಫ್ಯಾನಿನ ಕೆಳಗೆ ಮೂರು ದಿನ ಇಟ್ಟರೆ ನೀರು ಹಾರಿಹೋಗಿ, ಗ್ಲೈಕಾಲ್ ತೆಳ್ಳಗೆ ಜಿಡ್ಡಾಗಿ ಕೂತಿರುತ್ತದೆ, ಗಾಳಿಯ ತೇವವನ್ನು ಹೀರುತ್ತ. ಡಬ್ಬಿಯ ಮೇಲೆ ‘ನಾನ್ ಕಂಡಕ್ಟಿವ್’ ಎಂದು ಬರೆದಿರುತ್ತದೆಯಲ್ಲ ಎಂದು ಹುಡುಗರು ಕೇಳುತ್ತಾರೆ. ಡಬ್ಬಿಯೊಳಗೆ ಇರುವ ತನಕ ಅದು ನಿಜವಿರಬಹುದು. ಅಪ್ಪಟ ಶುದ್ಧ ನೀರಿನ ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೋಸೀಮನ್ಸ್, ಬರೀ ಗಾಳಿ ತಾಗಿ ಕಾರ್ಬನ್ ಡೈಆಕ್ಸೈಡ್ ಕರಗಿದರೇ ಅದು ಹತ್ತಿಪ್ಪತ್ತು ಪಟ್ಟು ಏರುತ್ತದೆ. ಇನ್ನು ತಾಮ್ರ, ನಿಕ್ಕಲ್, ರೇಡಿಯೇಟರಿನ ಫ್ಲಕ್ಸ್ ತೊಳೆಯುತ್ತ ವರ್ಷವಿಡೀ ಸುತ್ತಿದ ದ್ರವ ಮೊದಲಿನಂತೆ ಉಳಿದೀತೇ?

ಈಗ ಕರವಸ್ತ್ರಕ್ಕೆ ಬರುತ್ತೇನೆ. ಒರೆಸಿದವರು ಕ್ಷಮಿಸಬೇಕು, ಅವರ ಜಾಗದಲ್ಲಿ ನಾನಿದ್ದರೂ ಮೊದಲು ಕೈ ಹೋಗುತ್ತಿದ್ದದ್ದು ಜೇಬಿಗೇ. ಹನಿ ಒರೆಸಿದೆವು, ಪ್ಲಗ್ ಯಾರೂ ತೆಗೆಯಲಿಲ್ಲ. ಈಗಲೂ ಸಿಕ್ಕಿಸಿಯೇ ಇದೆ. ಬೋರ್ಡನ್ನು ಕೊಲ್ಲುವುದು ನೀರೊಂದೇ ಅಲ್ಲ, ನೀರಿನಲ್ಲಿ ಹರಿಯುವ ಕರೆಂಟೂ. ನೀರು ಒಡೆದು ಆಮ್ಲಜನಕ, ಜಲಜನಕವಾಗಲು ತಾತ್ವಿಕವಾಗಿ 1.23 ವೋಲ್ಟ್ ಸಾಕು. ಡೆಸ್ಕ್‌ಟಾಪನ್ನು ಶಟ್‌ಡೌನ್ ಮಾಡಿದರೂ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ಸಿನಿಂದ ಸ್ಟ್ಯಾಂಡ್‌ಬೈ 5 ವೋಲ್ಟ್ ಬರುತ್ತಲೇ ಇರುತ್ತದೆ; ಮದರ್‌ಬೋರ್ಡಿನ ಮೂಲೆಯ ಪುಟ್ಟ ದೀಪ ಅದನ್ನೇ ಹೇಳುತ್ತಿರುವುದು. ಪ್ಲಗ್ಗನ್ನೂ ಕಿತ್ತಿರೋ, ಸಿಆರ್2032 ಸೆಲ್ಲಿನ 3 ವೋಲ್ಟ್ ಉಳಿಯಿತು. ನಾಲ್ಕಾಣೆಯಷ್ಟು ಅಗಲದ ಆ ಬಿಲ್ಲೆ ರಾತ್ರಿಯಿಡೀ ಕೂತು ತಾಮ್ರ ಕರಗಿಸಬಲ್ಲದು.

ಜೇಬಿನಲ್ಲಿ ಒಂದು ಬೋರ್ಡು ತಂದಿದ್ದೇನೆ. ನನ್ನ ಪರಿಚಯದ ಹುಡುಗನೊಬ್ಬನ ಗ್ರಾಫಿಕ್ಸ್ ಕಾರ್ಡಿನಿಂದ ಕತ್ತರಿಸಿಕೊಂಡ ತುಂಡು. ಶಿವರಾತ್ರಿಯ ಹೊತ್ತಿಗೆ ಫಿಟಿಂಗ್ ಸಡಿಲಾಗಿ ಕೂಲಂಟು ಕಾರ್ಡಿನ ಬೆನ್ನಿನ ಮೇಲೆ ಇಳಿದಿತ್ತು. ಕೂಲಂಟು ಕಡಿಮೆಯಾಯಿತೆಂದು ಅವನು ಮುಂಚೆಯೇ ಮನೆಯ ಆರ್‌ಓ ನೀರು ಬೆರೆಸಿದ್ದ. ಮೂರು ದಿನ ಒಣಗಿಸಿದ, ಹಚ್ಚಿದ, ಓಡಿತು. ಜೂನಿನಲ್ಲಿ ಮಳೆ ಹಿಡಿದ ವಾರ ಕಾರ್ಡು ಸತ್ತಿತು. ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಒಂದು ಕೆಪಾಸಿಟರಿನ ಎರಡು ತುದಿಗಳ ನಡುವೆ, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಜಾಗದಲ್ಲಿ, ಒಂದು ಜರಿಗಿಡ ಬೆಳೆದಿತ್ತು. ಕಾಂಡ, ಕವಲು, ಕವಲಿಗೊಂದು ಮರಿಕವಲು. ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಮಳೆಗಾಲಕ್ಕೆ ಹುಟ್ಟುತ್ತದಲ್ಲ, ಥೇಟ್ ಹಾಗೆ. ಬರೀ ಲೋಹ. ಧನ ತುದಿಯಲ್ಲಿ ಲೋಹ ಕರಗಿ, ತೇವದಲ್ಲಿ ಈಜಿ, ಋಣ ತುದಿಯಲ್ಲಿ ಕೂತು, ಅಲ್ಲಿಂದ ತವರಿನ ಕಡೆಗೆ ತಿರುಗಿ ಬೆಳೆಯುತ್ತದೆ. ಬೆಲ್ ಲ್ಯಾಬ್ಸಿನವರು 1955ರಲ್ಲೇ ಬೆಳ್ಳಿಯ ಇಂಥ ವಲಸೆಯ ಬಗ್ಗೆ ಬರೆದಿದ್ದರು. ಅಂದಿನ ಚಿಂತೆ ಟೆಲಿಫೋನ್ ಎಕ್ಸ್‌ಚೇಂಜು. ಆಮೇಲೆ ಬಂದ ಬೋರ್ಡುಗಳಲ್ಲಿ ಕಾಲಿಗೂ ಕಾಲಿಗೂ 2.54 ಮಿಲಿಮೀಟರ್ ದೂರ, 5 ವೋಲ್ಟ್. ಇಂದು 12 ವೋಲ್ಟ್, ಅರ್ಧ ಮಿಲಿಮೀಟರ್. ಅಷ್ಟೇ ತೇವದಲ್ಲಿ ಹನ್ನೆರಡು ಪಟ್ಟು ಸೆಳೆತ.

ತಮಾಷೆ ಏನೆಂದರೆ, ಆ ಗಿಡ ಆಚೆ ದಡ ಮುಟ್ಟಿದ ಕ್ಷಣ ಕರೆಂಟು ಹರಿದು ತಾನೇ ಸುಟ್ಟುಹೋಗಬಹುದು. ಎಷ್ಟೋ ಸಲ ಹಾಗೆಯೇ ಆಗುತ್ತದೆ. ಆಗ ಮಲ್ಟಿಮೀಟರ್ ಹಿಡಿದರೆ ಶಾರ್ಟು ಸಿಗುವುದಿಲ್ಲ. ಕಂಪ್ಯೂಟರು ಮತ್ತೆ ಆನ್ ಆಗುತ್ತದೆ. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ವಾಪಸು ಕೊಡುತ್ತೇವೆ. ನಾನೇ ಎಷ್ಟು ಸಲ ಬರೆದಿದ್ದೇನೋ.

ಹಾಗಾದರೆ ಏನು ಮಾಡಬೇಕು ಎಂದು ರಿಪೇರಿ ಅಂಗಡಿಗಳಿಂದ ಬಂದಿರುವ ಗೆಳೆಯರು ಗಡಿಯಾರ ನೋಡುತ್ತಿದ್ದಾರೆ. ಮೊದಲು ಪ್ಲಗ್, ಆಮೇಲೆ ಸೆಲ್ಲು. ‘ಒಂದು ಸಲ ಆನ್ ಮಾಡಿ ನೋಡೋಣ’ ಎನ್ನುವ ಬೆರಳನ್ನು ಕಟ್ಟಿಹಾಕಿ. ಹೀಟ್ ಸಿಂಕು, ಕವಚ ಎಲ್ಲ ಬಿಚ್ಚಿ. ಡಿಸ್ಟಿಲ್ಡ್ ವಾಟರಿನಲ್ಲಿ ಮೆದು ಬ್ರಷ್ಷಿನಿಂದ ತೊಳೆಯಿರಿ, ನೀರು ಬದಲಿಸಿ ಮತ್ತೆ ತೊಳೆಯಿರಿ. ಚಿಪ್ಪಿನ ಕೆಳಗಿನ ಕೂದಲೆಳೆ ಸಂದಿಗೆ ನುಗ್ಗಿದ್ದು ಅಷ್ಟು ಸುಲಭಕ್ಕೆ ಹೊರಬರುವುದಿಲ್ಲ. ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಅದಾದ ಮೇಲೆ; ಉಪ್ಪು ಅದರಲ್ಲಿ ಸರಿಯಾಗಿ ಕರಗುವುದಿಲ್ಲ, ಅದರ ಕೆಲಸ ಉಳಿದ ನೀರನ್ನು ಎಳೆದುಕೊಂಡು ಹೋಗುವುದು. ಆಮೇಲೆ 50, 60 ಡಿಗ್ರಿಯಲ್ಲಿ ಒಂದು ದಿನ. ಹಾರ್ಡ್ ಡಿಸ್ಕು, ಎಸ್‌ಎಂಪಿಎಸ್ ಎರಡೂ ತೊಳೆಯುವ ಜಾತಿಯವಲ್ಲ. ಎಸ್‌ಎಂಪಿಎಸ್ಸಿನ ಕೆಪಾಸಿಟರು ಪ್ಲಗ್ ತೆಗೆದ ಮೇಲೂ 300 ವೋಲ್ಟಿನ ಮೇಲೆ ಹಿಡಿದಿಟ್ಟುಕೊಂಡಿರಬಹುದು, ಬಿಚ್ಚಲೇಬೇಡಿ. ಅಕ್ಕಿ ಡಬ್ಬಿಯ ಬಗ್ಗೆ ಕೇಳಬೇಡಿ, ಅಕ್ಕಿ ಇರುವುದು ಅನ್ನಕ್ಕೆ.

ಇಲ್ಲಿಗೆ ಮಾತು ಮುಗಿಸಿದ್ದರೆ ನಾನು ಜಾಣ ಎನಿಸಿಕೊಳ್ಳುತ್ತಿದ್ದೆ. ಆದರೆ ಇನ್ನೊಂದು ಕಂಪ್ಯೂಟರು ಇದೆ. ಒಂದು ಪ್ರಯೋಗಾಲಯದ್ದು. ಪಂಪಿನ ಪಕ್ಕದ ಓ-ರಿಂಗು ಗಟ್ಟಿಯಾಗಿ ಬಿರಿದು, ರಾತ್ರಿಯಿಡೀ ಮದರ್‌ಬೋರ್ಡಿನ ಮೇಲೆ ತೊಟ್ಟಿಕ್ಕಿದೆ, ಕರೆಂಟು ಆನ್ ಇರುವಾಗಲೇ. ಬೆಳಗ್ಗೆ ಅಟೆಂಡರ್ ಹಳೆ ಬನಿಯನ್ನಿನಲ್ಲಿ ಒರೆಸಿ, ಮಧ್ಯಾಹ್ನ ಆನ್ ಮಾಡಿದ್ದಾನೆ. ನಾನು ಹೋಗಿ ನೋಡಿ, ‘ಇದು ಇನ್ನು ಎರಡು ತಿಂಗಳು’ ಎಂದು ಬರೆದುಕೊಟ್ಟು ಬಂದೆ. ಒಂಬತ್ತು ವರ್ಷವಾಯಿತು, ಓಡುತ್ತಲೇ ಇದೆ. ಆ ಅಟೆಂಡರ್ ಸಿಕ್ಕಾಗಲೆಲ್ಲ ‘ಸಾರ್, ಎರಡು ತಿಂಗಳು ಆಯ್ತಾ?’ ಎಂದು ಕೇಳುತ್ತಾನೆ.

ಅದು ಏಕೆ ಬದುಕಿತು? ಇಪ್ಪತ್ತು ವರ್ಷಗಳಿಂದ ನನ್ನನ್ನು ಕಾಡುತ್ತಿರುವುದು ಈ ಪ್ರಶ್ನೆಯ ಇನ್ನೊಂದು ಮುಖ: ನೆನೆದು, ತೊಳೆದು, ಓಡಿದ ಬೋರ್ಡನ್ನು ಎಷ್ಟು ದಿನಗಳ ಮೇಲೆ ನಂಬಬಹುದು? ಹೊಸ ಬೋರ್ಡಿನ ಶುದ್ಧಿಗೆ ಚದರ ಸೆಂಟಿಮೀಟರಿಗೆ 1.56 ಮೈಕ್ರೋಗ್ರಾಂ ಉಪ್ಪಿನಷ್ಟು ಎಂಬ ಗಡಿ 1970ರ ದಶಕದಿಂದ ಇತ್ತು, ಅಮೆರಿಕದ ಸೇನೆಯ ಎಲೆಕ್ಟ್ರಾನಿಕ್ಸಿನಿಂದ ಬಂದದ್ದು. ಎಲ್ಲ ಬೋರ್ಡಿಗೂ ಆ ಒಂದೇ ಅಂಕೆ ಸಲ್ಲದು, ತಯಾರಿಸುವವರೇ ಪುರಾವೆ ತೋರಿಸಲಿ ಎಂದು ಬೋರ್ಡುಗಳ ಮಾನದಂಡ ರೂಪಿಸುವ ಐಪಿಸಿ ಸಂಸ್ಥೆ 2018ರಲ್ಲಿ ಹೇಳಿತು. ಹೊಸ ಬೋರ್ಡಿಗೆ ಹಾಗೆ ಪುರಾವೆಯನ್ನಾದರೂ ಕೇಳುತ್ತಾರೆ. ನಮ್ಮ ಬೆಂಚಿನಿಂದ ವಾಪಸು ಹೋಗುವ ಬೋರ್ಡಿಗೆ ಪುರಾವೆ ಏನು? ಗಿರಾಕಿ ದುಡ್ಡು ಕೊಟ್ಟು ಮೆಟ್ಟಿಲಿಳಿದರೆ ಅದರ ಕಥೆ ನಮ್ಮ ಪಾಲಿಗೆ ಮುಗಿಯಿತು. ಸತ್ತರೆ ಬೇರೆ ಅಂಗಡಿಗೆ ಹೋಗುತ್ತದೆ. ಬದುಕಿದರೆ ಯಾರೂ ಬಂದು ಹೇಳುವುದಿಲ್ಲ. ಒಂಬತ್ತು ವರ್ಷದ ಆ ಸಂಗತಿ ನನಗೆ ತಿಳಿದದ್ದೂ ಅಟೆಂಡರನ ಕೀಟಲೆಯಿಂದ.

ಹಾಗಾಗಿ ಪ್ರಬಂಧಗಳ ಜೊತೆಗೆ ಈ ಸಂಕಿರಣದಿಂದ ನನಗೆ ಬೇಕಿರುವುದು ಒಂದು ಉದ್ದನೆಯ ಲೆಡ್ಜರ್ ಪುಸ್ತಕ. ಐದು ಕಾಲಮ್ಮು: ಯಾವ ದ್ರವ, ನೆನೆದದ್ದು ಯಾವಾಗ, ಕರೆಂಟು ನಿಂತದ್ದು ಯಾವಾಗ, ತೊಳೆದದ್ದು ಯಾವಾಗ, ಮುಂದಿನ ಮಳೆಗಾಲ ಕಳೆದ ಮೇಲೆ ಫೋನ್ ಮಾಡಿದಾಗ ಏನೆಂದರು. ಸಾವಿರ ಸಾಲು ತುಂಬಿದ ಮೇಲೆ ಎರಡನೇ ಸಾಲಿನ ಪ್ರಾಧ್ಯಾಪಕರಿಗೆ ಕೊಡೋಣ, ಅವರಿಗೆ ಅಂಕೆಗಳೆಂದರೆ ಪ್ರೀತಿ.

ಟೀ ಬಂದಿದೆ ಎಂದು ಸಂಚಾಲಕರು ಕಣ್ಣಲ್ಲೇ ಹೇಳುತ್ತಿದ್ದಾರೆ. ಮುಗಿಸುತ್ತೇನೆ. ಮೊದಲ ಸಾಲನ್ನು ಈಗಲೇ ಬರೆದುಬಿಡಿ. ದ್ರವ: ತಂಬಿಗೆಯ ನೀರು, ನಾಲ್ಕು ಹನಿ. ನೆನೆದದ್ದು: ಇವತ್ತು ಬೆಳಗ್ಗೆ, ಉದ್ಘಾಟನೆಯ ಹೊತ್ತಿಗೆ. ಕರೆಂಟು ನಿಂತದ್ದು: ಇನ್ನೂ ಇಲ್ಲ. ಉಳಿದ ಎರಡು ಕಾಲಮ್ಮು ಖಾಲಿ ಬಿಡಿ, ಬರುವ ವರ್ಷ ಬಂದು ಕೇಳುತ್ತೇನೆ. ಟೀ ಲೋಟಗಳನ್ನು ಮಾತ್ರ ದಯವಿಟ್ಟು ಆ ಮೇಜಿನ ಮೇಲೆ ಇಡಬೇಡಿ.