‘ನೋಡಲಿಲ್ಲ’ ಎಂಬ ಸಬೂಬು
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಬಾಗಿಲು ಹಾಕಿ, ಮೇಜು ಒರೆಸಿ, ಕೈ ತೊಳೆದು ಹೊರಡುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ ಆಗಿರುತ್ತದೆ. ಇಂಥ ಹೊತ್ತಿನಲ್ಲಿ ನಿಮ್ಮನ್ನು ಕೂಡಿಸಿಕೊಂಡು ಉದ್ದ ಭಾಷಣ ಮಾಡುವುದು ಪಾಪ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು, ಉದ್ದ ಭಾಷಣ ನನಗೆ ಬರುವುದೂ ಇಲ್ಲ. ಆದರೆ ನಮ್ಮ ಸಂಘದ ಕಚೇರಿಗೆ ಬರುವ ದೂರುಗಳಲ್ಲಿ ಸಂಬಳದ ದೂರು, ರಜೆಯ ದೂರುಗಳ ಜೊತೆಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಅದು ಮುರಿದ ಕಾಲಿನ ದೂರು. ಅದರ ಬಗ್ಗೆ ನಾಲ್ಕು ಮಾತು ಹೇಳಲೇಬೇಕಾಗಿದೆ.

ಹಿಂದೆ ನಮ್ಮವರು ಮೇಜಿನಿಂದ ಮೇಜಿಗೆ ಓಡುತ್ತಿದ್ದರು. ಈಗ ಗಲ್ಲಿಯಿಂದ ಗಲ್ಲಿಗೆ ಓಡುತ್ತಾರೆ. ಇಡ್ಲಿ, ದೋಸೆ, ಊಟದ ಪಾರ್ಸೆಲ್ ಹೊತ್ತು ಮೋಟರ್ ಸೈಕಲ್ ಏರದ ಹುಡುಗನಿಲ್ಲದ ಹೋಟೆಲು ಇಂದು ಮುಂಬಯಿಯಲ್ಲಿ ಅಪರೂಪ. ೧೯೮೨ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದುವಷ್ಟೆ. ಆ ಗಿರಣಿಗಳಲ್ಲಿ ದುಡಿದ ಹಿರಿಯರ ಮಕ್ಕಳು ಎಷ್ಟೋ ಜನ ಇದೇ ಎರಡು ಚಕ್ರವನ್ನು ನಂಬಿ ಬದುಕುತ್ತಿದ್ದಾರೆ. ಭಿವಂಡಿಯ ಮಗ್ಗಗಳಿಗೆ ರಾತ್ರಿ ಪಾಳಿಗೆ ಹೋಗುವವರಿಗೂ ಅದೇ ಗತಿ.

ಲೆಕ್ಕ ಕೇಳಿ. ೨೦೨೨ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಸತ್ತರೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ೭೪,೮೯೭ ಜನ ದ್ವಿಚಕ್ರ ವಾಹನದ ಮೇಲಿದ್ದವರು. ದಿನಕ್ಕೆ ಇನ್ನೂರಕ್ಕೂ ಹೆಚ್ಚು. ಒಂದು ಸಾಧಾರಣ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂಡುವಷ್ಟು ಜನ, ಪ್ರತಿದಿನ. ಇವರೆಲ್ಲರೂ ಪರರ ತಪ್ಪಿನಿಂದಲೇ ಸತ್ತರೆಂದು ನಾನು ಹೇಳುವುದಿಲ್ಲ. ಅದೇ ವರದಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಅಪಘಾತಗಳನ್ನು ಅತಿವೇಗದ ಲೆಕ್ಕಕ್ಕೆ ಬರೆಯುತ್ತದೆ. ಆದರೆ ವೇಗವಾಗಿ ಬಂದ ಗಾಡಿ ರಸ್ತೆಯ ಮೇಲೆ ಚಕ್ರದ ಗುರುತು ಬಿಡಬಹುದು; ಮನಸ್ಸು ಬೇರೆಲ್ಲೋ ಇಟ್ಟು ಓಡಿಸಿದವನು ಯಾವ ಗುರುತನ್ನೂ ಬಿಡುವುದಿಲ್ಲ. ‘ನಾನು ನೋಡಲೇ ಇಲ್ಲ’ ಎಂಬ ಒಂದು ಮಾತನ್ನು ಮಾತ್ರ ಬಿಡುತ್ತಾನೆ.

ಈ ಮಾತನ್ನು ನಾನು ಆಸ್ಪತ್ರೆಯ ಬಾಗಿಲಲ್ಲಿ ಕೇಳಿದ್ದೇನೆ. ಕುಂದಾಪುರದ ಕಡೆಯ ನಮ್ಮ ಒಬ್ಬ ಹುಡುಗ, ವಯಸ್ಸು ಇಪ್ಪತ್ತೆರಡು. ಪಾರ್ಸೆಲ್ ಕೊಡಲು ನೇರ ರಸ್ತೆಯಲ್ಲಿ, ತನ್ನ ಎಡಬದಿಯಲ್ಲೇ ಹೋಗುತ್ತಿದ್ದ. ಎದುರಿನಿಂದ ಬಂದ ಕಾರು ಬಲಗಡೆಯ ಗಲ್ಲಿಗೆಂದು ಅವನ ಮುಂದೆಯೇ ತಿರುಗಿತು. ಕಾರಿನವರು ಕೆಟ್ಟವರೇನಲ್ಲ. ತಾವೇ ಆಸ್ಪತ್ರೆಗೆ ಸೇರಿಸಿದರು, ಕಣ್ಣಲ್ಲಿ ನೀರು ತಂದುಕೊಂಡರು, “ದೇವರಾಣೆ ನೋಡಲಿಲ್ಲ” ಎಂದರು. ಮೂರು ಸಾವಿರ ರೂಪಾಯಿ ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಹುಡುಗನ ಕಾಲಿಗೆ ಸರಳು ಹಾಕಿದರು. ನಮ್ಮ ಕಚೇರಿಯ ಮೆಟ್ಟಿಲು ಹತ್ತುವಾಗ ಎಂಟು ತಿಂಗಳು ಕಳೆದಿತ್ತು. ಪೋಲೀಸು ದೂರಿಲ್ಲ, ಗಾಡಿಯ ನಂಬರಿಲ್ಲ, ಇದ್ದುದು ಮುರಿದ ಕಾಲಿನ ಫೋಟೋ ಒಂದೇ. ಗಲ್ಲೆಯ ಮೇಲೆ ಕೂಡುವವನಿಗೆ ಕಾಲು ಹೋದರೂ ಕೆಲಸ ಉಳಿದೀತು. ನಾವು ದಿನಕ್ಕೆ ಹತ್ತು ಗಂಟೆ ನಿಂತು ದುಡಿಯುವವರು. ನಮ್ಮ ಬಂಡವಾಳವೇ ಕಾಲು. ಆ ಹುಡುಗ ಈಗ ಊರಿನಲ್ಲಿದ್ದಾನೆ, ಅಕ್ಕನ ಮನೆಯಲ್ಲಿ.

‘ನೋಡಲಿಲ್ಲ’ ಎಂದವರು ಸುಳ್ಳು ಹೇಳಿದರೆಂದು ನೀವು ತಿಳಿಯುವಿರೇನೋ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ವಿಚಾರಿಸುತ್ತ ಹೋದಂತೆ ಗೊತ್ತಾಯಿತು, ಇದು ಸುಳ್ಳಲ್ಲ, ಸುಳ್ಳಿಗಿಂತ ಅಪಾಯದ್ದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬವರು ತಮ್ಮ ಸಂಗಡಿಗರೊಂದಿಗೆ ಒಂಬೈನೂರು ಮೋಟರ್ ಸೈಕಲ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿ ೧೯೮೧ರಲ್ಲಿ ವರದಿ ಕೊಟ್ಟರು. ಕಾರು, ಮೋಟರ್ ಸೈಕಲ್ಲುಗಳ ನಡುವಿನ ಡಿಕ್ಕಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಕಾರಿನವನು ಮೋಟರ್ ಸೈಕಲ್ಲಿನವನ ದಾರಿಗೆ ಅಡ್ಡ ಬಂದುದರಿಂದ ಆದವು. ಅಡ್ಡ ಬಂದವರ ಉತ್ತರವೂ ಇದೇ: ನೋಡಲಿಲ್ಲ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಆದುದರಿಂದ ಎಡಕ್ಕೆ ತಿರುಗುವಾಗ ಅಪಾಯ. ನಮ್ಮಲ್ಲಿ ಬಲಕ್ಕೆ ತಿರುಗುವಾಗ. ವ್ಯತ್ಯಾಸ ಅಷ್ಟೇ.

ಕಣ್ಣೆದುರಿಗೆ ಇದ್ದುದು ಕಾಣದಿರುವುದು ಹೇಗೆ? ನಮ್ಮ ಕಸಬಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾನು ಮಾಣಿಯಾಗಿದ್ದಾಗ ಆರು ಮೇಜಿನ ಆರ್ಡರನ್ನು ಬಾಯಲ್ಲಿ ಗುಣುಗುಣಿಸುತ್ತ ಅಡುಗೆಮನೆಗೆ ಓಡುತ್ತಿದ್ದೆ. ನಡುವಿನ ಮೇಜಿನ ಗಿರಾಕಿ ಎರಡೂ ಕೈ ಎತ್ತಿ ಕರೆದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಕಣ್ಣು ತೆರೆದೇ ಇತ್ತು, ಮನಸ್ಸು ಎಣಿಕೆಯಲ್ಲಿತ್ತು. ೧೯೯೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ಇದನ್ನೇ ಪ್ರಯೋಗ ಮಾಡಿ ಪ್ರಕಟಿಸಿದರು. ಚೆಂಡಾಡುವ ಹುಡುಗರ ಚಿತ್ರ ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ಕೊಟ್ಟು ತೆಗೆದುಕೊಂಡರೆಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷ ಹಾಕಿದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡುತ್ತಿದ್ದವರಲ್ಲಿ ಸುಮಾರು ಅರ್ಧ ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ! ಕಾರು ಓಡಿಸುವವನು ನಾಲ್ಕು ರಸ್ತೆ ಕೂಡುವಲ್ಲಿ ಹುಡುಕುವುದು ಬಸ್ಸನ್ನು, ಲಾರಿಯನ್ನು, ಇನ್ನೊಂದು ಕಾರನ್ನು. ತನಗೆ ಪೆಟ್ಟು ಕೊಡಬಲ್ಲುದನ್ನು. ಮೋಟರ್ ಸೈಕಲ್ ಅವನಿಗೆ ಪೆಟ್ಟು ಕೊಡುವ ವಸ್ತುವಲ್ಲ. ನನಗೆ ತೋರುವಂತೆ ಅದು ಅವನ ಎಣಿಕೆಗೆ ಬಾರದಿರುವುದು ಅದಕ್ಕೇ.

ಇದರ ಮೇಲೆ ಕಣ್ಣಿನ ಸ್ವಭಾವವೂ ಸೇರುತ್ತದೆ. ಸಣ್ಣ ವಸ್ತು ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ಮನಸ್ಸು ತಪ್ಪಾಗಿ ಲೆಕ್ಕ ಹಾಕುತ್ತದೆ. ಕತ್ತನ್ನು ಸರ್ರನೆ ಆ ಕಡೆ ಈ ಕಡೆ ತಿರುಗಿಸಿದರೆ, ಕಣ್ಣು ಹಾರುವ ಆ ಕ್ಷಣದಲ್ಲಿ ನಡುವೆ ಇದ್ದುದು ಸ್ಪಷ್ಟವಾಗಿ ಕಾಣುವುದಿಲ್ಲ. ಕಾರಿನ ಮುಂದಿನ ಗಾಜಿನ ಪಕ್ಕದಲ್ಲಿರುವ ಕಂಬದ ಮರೆಯಲ್ಲಿ ಒಂದು ಮೋಟರ್ ಸೈಕಲ್ ಪೂರ್ತಿ ಅಡಗಬಲ್ಲುದು. ಹಾಗಾದರೆ ಕಾರಿನವನದು ತಪ್ಪಿಲ್ಲವೆ? ಇದೆ. ಕಣ್ಣು ಹೀಗೆ ಮೋಸ ಮಾಡುತ್ತದೆ ಎಂದು ತಿಳಿದ ಮೇಲೆ ಎರಡನೆಯ ಸಲ ನೋಡುವುದು ಅವನ ಕರ್ತವ್ಯ. ತಿರುಗುವ ಮುನ್ನ ಒಂದು ಕ್ಷಣ ನಿಲ್ಲಿಸಿ, ತಲೆಯನ್ನು ಮುಂದಕ್ಕೆ ಬಗ್ಗಿಸಿ ಕಂಬದ ಆಚೆ ನೋಡಿದರೆ ಎರಡು ಸೆಕೆಂಡಿನ ಕೆಲಸ. ಈ ಸಭೆಯಲ್ಲಿ ಟ್ಯಾಕ್ಸಿ, ಟೆಂಪೋ ಓಡಿಸುವ ಅಣ್ಣಂದಿರೂ ಇದ್ದೀರಿ. ಇದು ನಿಮಗೂ ಹೇಳಿದ ಮಾತು.

ಈಗ ಫೋನಿನ ವಿಷಯ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹನ್ನೊಂದು ಮೀಟರು. ಫೋನಿನಲ್ಲಿ ಬಂದ ಸಂದೇಶದ ಕಡೆ ಮೂರು ಸೆಕೆಂಡು ಕಣ್ಣು ಹಾಯಿಸಿದರೆ, ಮೂವತ್ತಮೂರು ಮೀಟರು ಕುರುಡನಾಗಿ ಓಡಿಸಿದ ಹಾಗೆ. ಸುಮಾರು ಮೂರು ಬೆಸ್ಟ್ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಫೋನು ಬಳಸುತ್ತ ಓಡಿಸುವವನು ಅಪಘಾತಕ್ಕೆ ಸಿಕ್ಕುವ ಸಂಭವ ಸುಮಾರು ನಾಲ್ಕು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಯಲ್ಲಿ ಹಿಡಿಯದೆ ಕಿವಿಗೆ ಸಿಕ್ಕಿಸಿಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಕೈ ಬಿಡುವಾಯಿತು, ಮನಸ್ಸು ಬಿಡುವಾಯಿತೆ? ೨೦೧೯ರ ತಿದ್ದುಪಡಿಯಾದ ಮೇಲೆ ಓಡಿಸುವಾಗ ಕೈಯಲ್ಲಿ ಫೋನು ಹಿಡಿಯುವುದನ್ನು ಮೋಟರು ವಾಹನ ಕಾಯಿದೆಯ ೧೮೪ನೆಯ ಕಲಮಿನಲ್ಲಿ ಅಪಾಯಕಾರಿ ಚಾಲನೆಯೆಂದೇ ಎಣಿಸಿದ್ದಾರೆ. ಕಲಮು ಇದೆ. ಸಿಗ್ನಲಿನಲ್ಲಿ ನಿಂತು ಅಕ್ಕಪಕ್ಕದ ಕಾರುಗಳ ಗಾಜಿನೊಳಗೆ ಇಣುಕಿ ನೋಡಿರಿ, ಕಲಮಿನ ಭಯ ಎಷ್ಟಿದೆ ಎಂದು ತಿಳಿಯುತ್ತದೆ.

ಇದೇ ಮಾತಿನಲ್ಲಿ ನಮ್ಮ ಹೋಟೆಲಿನ ಮ್ಯಾನೇಜರುಗಳನ್ನೂ ಕೇಳುವುದಿದೆ. ಪಾರ್ಸೆಲ್ ಹುಡುಗ ಹೊರಟು ಐದು ನಿಮಿಷವಾಗುವುದರೊಳಗೆ “ಎಲ್ಲಿದ್ದೀಯೋ? ಗಿರಾಕಿ ಫೋನ್ ಮಾಡ್ತಿದ್ದಾನೆ” ಎಂದು ಕೂಗುವವರು ಯಾರು? ಆ ಕರೆ ಬಂದಾಗ ಹುಡುಗ ಲಾರಿಯ ಪಕ್ಕದಲ್ಲಿರುತ್ತಾನೆ.

ನಿಂತ ಗಾಡಿಯೂ ಕೊಲ್ಲುತ್ತದೆ. ರಸ್ತೆಯ ಬದಿಗೆ ನಿಲ್ಲಿಸಿದ ಕಾರಿನ ಬಾಗಿಲು ಹಿಂದೆ ನೋಡದೆ ತೆರೆಯಿತೆಂದರೆ, ಬರುವವನು ಬಾಗಿಲಿಗೆ ಬಡಿದು ರಸ್ತೆಯ ನಡುವೆ ಬೀಳುತ್ತಾನೆ, ಹಿಂದಿನಿಂದ ಬಸ್ಸು. ಹಾಲೆಂಡಿನವರು ಇದಕ್ಕೊಂದು ಸರಳವಾದ ಅಭ್ಯಾಸ ಇಟ್ಟುಕೊಂಡಿದ್ದಾರೆ: ಬಾಗಿಲಿಗೆ ಹತ್ತಿರದ ಕೈಯಿಂದ ತೆರೆಯದೆ ದೂರದ ಕೈಯಿಂದ ತೆರೆಯುವುದು. ನಮ್ಮಲ್ಲಿ ಚಾಲಕ ಬಲಗಡೆ ಕೂಡುತ್ತಾನಾದ್ದರಿಂದ ಎಡಗೈಯಿಂದ ತೆರೆಯಬೇಕು. ಆಗ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುವವನು ಕಾಣುತ್ತಾನೆ. ಕಾಸಿನ ಖರ್ಚಿಲ್ಲ. ಟ್ಯಾಕ್ಸಿಯ ಅಣ್ಣಂದಿರು ಗಿರಾಕಿಗೂ ಒಂದು ಮಾತು ಹೇಳಿ ಇಳಿಸಬಹುದು.

ಇನ್ನು ರಸ್ತೆಗಳನ್ನು ನೋಡೋಣ. ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲೆ ನಮಗೆ ಪ್ರವೇಶವಿಲ್ಲ. ೨೦೨೪ರಲ್ಲಿ ತೆರೆದ ಅಟಲ್ ಸೇತುವಿನ ಮೇಲೂ ಇಲ್ಲ, ಕರಾವಳಿ ರಸ್ತೆಯ ಮೇಲೂ ಇಲ್ಲ. ಗಾಳಿ ಜೋರು, ವೇಗ ಹೆಚ್ಚು ಎಂದು ಕಾರಣ ಹೇಳುತ್ತಾರೆ, ಇದ್ದೀತು. ಆದರೆ ಒಳ್ಳೆಯ ರಸ್ತೆಯೆಲ್ಲ ಕಾರಿಗೆ, ನಮಗೆ ಬಸ್ಸು, ಲಾರಿ, ಕೈಗಾಡಿ, ಹೊಂಡ ಎಲ್ಲ ಕೂಡಿರುವ ಹಳೆಯ ರಸ್ತೆ. ಆ ರಸ್ತೆಯಲ್ಲಿ ಎಡಕ್ಕೊಂದು ಗೆರೆ ಎಳೆದು ಎರಡು ಚಕ್ರದವರಿಗೆ ಬಿಡಿರೆಂದು ಕೇಳಿದರೆ ಜಾಗವಿಲ್ಲವಂತೆ. ಇರಲಿ, ಈ ಜಗಳ ಇನ್ನೊಂದು ದಿನಕ್ಕೆ.

ಹಿಂದಿನ ಸಾಲಿನಲ್ಲಿ ಕುಳಿತಿರುವ ಗಿರಣಿಯ ಹಿರಿಯರಿಗೆ ಒಂದು ಸಂಗತಿ ನೆನಪಿರಬೇಕು. ಒಂದು ಕಾಲಕ್ಕೆ ಪಟ್ಟಾಕ್ಕೆ ಕೈ ಸಿಕ್ಕಿದರೆ ಕೆಲಸಗಾರನ ಅಜಾಗರೂಕತೆ ಎಂದು ಬರೆದು ಮುಗಿಸುತ್ತಿದ್ದರು. ೧೯೨೩ರ ಕಾಯಿದೆ ಬಂದ ಮೇಲೆ, ಮಾಲಿಕನ ತಪ್ಪನ್ನು ಸಾಬೀತು ಮಾಡದೆಯೂ ಪರಿಹಾರ ಕೇಳುವ ಹಕ್ಕು ಬಂತು. ೧೯೪೮ರ ಕಾರ್ಖಾನೆ ಕಾಯಿದೆ ತಿರುಗುವ ಯಂತ್ರಕ್ಕೆ ಕಟಕಟೆ ಹಾಕಲೇಬೇಕೆಂದಿತು. ರಸ್ತೆಯ ಮೇಲೆ ಯಂತ್ರಕ್ಕೆ ಕಟಕಟೆ ಹಾಕುವಂತಿಲ್ಲ. ಆದರೆ ಪರಿಹಾರದ ಹಕ್ಕು ಇಲ್ಲಿಯೂ ಇದೆ, ಅದನ್ನು ತಿಳಿದವರು ಕಡಿಮೆ. ಎದುರಿನವನ ತಪ್ಪನ್ನು ತೋರಿಸದೆಯೇ, ೧೬೪ನೆಯ ಕಲಮಿನಂತೆ ಸಾವಿಗೆ ೫ ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೇಳಬಹುದು. ತಪ್ಪನ್ನು ತೋರಿಸಬಲ್ಲವರು ಕ್ಲೇಮು ನ್ಯಾಯಮಂಡಳಿಯ ಮುಂದೆ ಹೆಚ್ಚಿಗೆ ಕೇಳಬಹುದು. ಡಿಕ್ಕಿ ಹೊಡೆದು ಓಡಿದ ಗಾಡಿ ಪತ್ತೆಯಾಗದಿದ್ದರೂ ಸಾವಿಗೆ ೨ ಲಕ್ಷ, ತೀವ್ರ ಗಾಯಕ್ಕೆ ೫೦ ಸಾವಿರ ಕೊಡುವ ಯೋಜನೆ ೨೦೨೨ರ ಏಪ್ರಿಲ್‌ನಿಂದ ಇದೆ. ೨೦೨೫ರ ಮೇ ತಿಂಗಳಲ್ಲಿ ಜಾರಿಗೆ ಬಂದ ಇನ್ನೊಂದು ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ರೊಕ್ಕ ಕಟ್ಟದೆ ಚಿಕಿತ್ಸೆ ಸಿಗಬೇಕು. ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವನನ್ನು ಪೋಲೀಸರು ಸಾಕ್ಷಿಗೆಂದು ಪೀಡಿಸುವಂತಿಲ್ಲ. ಅದಕ್ಕೂ ಕಲಮು ಇದೆ, ಹೆದರಬೇಡಿ.

ಆದುದರಿಂದ ಮೂರು ಸಾವಿರಕ್ಕೆ ಸಹಿ ಹಾಕಬೇಡಿರಿ. ಮೊದಲು ಗಾಡಿಯ ನಂಬರಿನ ಫೋಟೋ ತೆಗೆಯಿರಿ, ನಿಂತು ನೋಡಿದ ಇಬ್ಬರ ಫೋನು ನಂಬರು ಪಡೆಯಿರಿ, ದೂರು ಬರೆಸಿರಿ, ಆಸ್ಪತ್ರೆಯ ಒಂದೊಂದು ಚೀಟಿಯನ್ನೂ ಕಾದಿಡಿರಿ. ಪರಿಹಾರದ ಅರ್ಜಿಗೆ ತಿದ್ದುಪಡಿ ಇಟ್ಟಿರುವ ಅವಧಿ ಆರು ತಿಂಗಳು. ಕೆಲಸದ ಮೇಲೆ ಹೋದಾಗ ಪೆಟ್ಟಾದರೆ ಅದು ಕೆಲಸದ ಅಪಘಾತವೂ ಹೌದು. ಯಾವ ದಾರಿಯಲ್ಲಿ ಕೇಳುವುದು ಲಾಭವೆಂದು ವಕೀಲರನ್ನು ವಿಚಾರಿಸಿಯೇ ಮುಂದುವರಿಯಬೇಕು.

ಬೈಕಿನವರದೇನೂ ತಪ್ಪಿಲ್ಲವೋ ಎಂದು ಯಾರೋ ಮುಂದಿನಿಂದ ಗೊಣಗಿದ ಹಾಗಾಯಿತು. ಇದೆಯಪ್ಪ, ಬೇಕಾದಷ್ಟಿದೆ. ಉಲ್ಟಾ ದಾರಿಯಲ್ಲಿ ನುಗ್ಗುವುದು, ಶಿರಸ್ತ್ರಾಣವನ್ನು ಕನ್ನಡಿಗೆ ನೇತುಹಾಕಿ ತಲೆಯನ್ನು ಬರಿದೇ ಬಿಡುವುದು. ಅದನ್ನು ಹೇಳುವವರು ಬಹಳ ಜನ ಇದ್ದಾರೆ. ನಾನು ಹೇಳುವುದು, ಸರಿಯಾಗಿ ಹೋಗುವ ಹುಡುಗನಿಗೆ. ಎದುರಿನ ಕಾರಿನವನು ನಿನ್ನ ಮುಖ ನೋಡಿದ ಮಾತ್ರಕ್ಕೆ ನಿನ್ನನ್ನು ಕಂಡನೆಂದು ನಂಬಬೇಡ ತಮ್ಮಾ. ಅವನ ಮುಂದಿನ ಚಕ್ರವನ್ನು ನೋಡು. ಕಣ್ಣು ಮೋಸ ಮಾಡೀತು, ಚಕ್ರ ಮಾಡದು. ನಿಂತ ಗಾಡಿಗಳಿಂದ ಬಾಗಿಲಿನಷ್ಟು ಅಂತರ ಬಿಡು. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣದಿದ್ದರೆ, ನೀನೂ ಅವನಿಗೆ ಕಾಣುತ್ತಿಲ್ಲ.

ಮತ್ತೆ, ಕಾಣುವ ಹಾಗೆ ಉಡುವುದು. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಳೆಯುವ ಪಟ್ಟಿಯ ಅಥವಾ ಕಣ್ಣಿಗೆ ಹೊಡೆಯುವ ಬಣ್ಣದ ಉಡುಪು ತೊಟ್ಟವರಿಗೆ ಅಪಘಾತದಲ್ಲಿ ಗಾಯವಾಗುವ ಸಂಭವ ನೂರಕ್ಕೆ ೩೭ರಷ್ಟು ಕಡಿಮೆಯಿತ್ತು. ಕಪ್ಪು ಶಿರಸ್ತ್ರಾಣಕ್ಕಿಂತ ಬಿಳಿಯದು ತೊಟ್ಟವರಿಗೆ ೨೪ರಷ್ಟು ಕಡಿಮೆ. ನಮ್ಮ ಧಣಿಗಳು ಹುಡುಗರಿಗೆ ಕೊಡುವ ಅಂಗಿ ಯಾವ ಬಣ್ಣದ್ದು? ಕಪ್ಪು, ಇಲ್ಲವೆ ಕಾಫಿ ಬಣ್ಣ. ಸಾಂಬಾರಿನ ಕಲೆ ಕಾಣಬಾರದೆಂದು!

ಈ ಕಾರಣದಿಂದ ಇಂದು ನಿಮ್ಮ ಮುಂದೆ ಒಂದು ಠರಾವು ಇಟ್ಟಿದ್ದೇವೆ. ಪಾರ್ಸೆಲ್ ಹುಡುಗನಿಗೆ ಐ.ಎಸ್.ಐ. ಗುರುತಿನ ಬಿಳಿ ಶಿರಸ್ತ್ರಾಣ, ಹೊಳೆಯುವ ಪಟ್ಟಿಯ ಮೇಲಂಗಿ ಹೋಟೆಲಿನ ಖರ್ಚಿನಲ್ಲೇ ಕೊಡಬೇಕು, ಸಂಬಳದಲ್ಲಿ ಮುರಿಯಬಾರದು. ಗಾಡಿಯ ಮೇಲಿರುವ ಹುಡುಗನಿಗೆ ಗಲ್ಲೆಯಿಂದ ಫೋನು ಮಾಡಬಾರದು. ಧಣಿಗಳಲ್ಲಿ ಹೆಚ್ಚಿನವರು ನಮ್ಮ ಊರಿನವರೇ, ಒಂದು ಕಾಲಕ್ಕೆ ಕಪ್ಪು ಬಶಿ ತೊಳೆದು ಮೇಲೆ ಬಂದವರೇ. ಮೊದಲು ವಿನಯದಿಂದಲೇ ಕೇಳೋಣ. ಒಪ್ಪದಿದ್ದರೆ ಮುಂದಿನ ಸಭೆಯಲ್ಲಿ ಬೇರೆ ದಾರಿ ವಿಚಾರ ಮಾಡೋಣ.

ಠರಾವನ್ನು ಈಗ ಕಾರ್ಯದರ್ಶಿಗಳು ಓದುತ್ತಾರೆ. ಮೋಟರ್ ಸೈಕಲ್ ಓಡಿಸುವವರು ಹೋಗುವ ಮುನ್ನ ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ರಕ್ತದ ಗುಂಪು, ಊರಿನಲ್ಲಿ ಯಾರಿಗೆ ತಿಳಿಸಬೇಕೋ ಅವರ ಫೋನು ನಂಬರು ಬರೆದು ಹೋಗಿರಿ.