ಮಲ್ಲೇಶ್ವರದ ವಠಾರಗಳು

ಒಂದು ಬಡಾವಣೆಯ ಚರಿತ್ರೆಯನ್ನು ಹೇಳಹೊರಟವರು ಅಲ್ಲಿಯ ದೇವಾಲಯಗಳನ್ನೂ ಅಲ್ಲಿ ಬಾಳಿದ ದೊಡ್ಡವರನ್ನೂ ಹೆಸರಿಸಿ ಮುಗಿಸುವುದು ವಾಡಿಕೆ. ಬೆಂಗಳೂರಿನ ಮಲ್ಲೇಶ್ವರವನ್ನು ಕುರಿತು ಅಂಥ ಮಾತುಗಳನ್ನು ಶ್ರೋತೃಗಳು ಬೇಕಾದಷ್ಟು ಕೇಳಿದ್ದೀರಿ. ನಾನು ಈ ಹೊತ್ತು ವಿಚಾರಿಸಬಯಸುವುದು ಬೇರೊಂದು ಸಂಗತಿ: ಅಲ್ಲಿ ವಾಸಮಾಡುವುದು ಯಾರಿಗೆ ಸಾಧ್ಯವಾಗಿತ್ತು, ಈಗ ಯಾರಿಗೆ ಸಾಧ್ಯವಾಗಿದೆ?

ಬಡಾವಣೆ ಹುಟ್ಟುವ ಮುನ್ನವೂ ಅಲ್ಲಿ ಜನರಿದ್ದರು. ಕಾಡುಮಲ್ಲೇಶ್ವರನ ಗುಡಿಯ 1669ರ ಶಾಸನವು, ಶಿವಾಜಿಯ ಮಲಸಹೋದರನಾದ ಏಕೋಜಿಯು ಮಲ್ಲಾಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟುದನ್ನು ತಿಳಿಸುತ್ತದೆ. ಬುಟ್ಟಿ ಹೆಣೆಯುವವರ ಹೆಸರನ್ನು ಹೊತ್ತ ಆ ಹಳ್ಳಿಗೆ ಇಂದು ದಾರಿ ತೋರಿಸಬಲ್ಲವರು ದುರ್ಲಭ. 1898ರಲ್ಲಿ ಪೇಟೆಯಲ್ಲಿ ಪ್ಲೇಗು ಬಿದ್ದಾಗ, ಇಕ್ಕಟ್ಟಾದ ಕೇರಿಗಳ ಜನರನ್ನು ಗಾಳಿ ಬೆಳಕಿನ ಕಡೆಗೆ ತರಬೇಕೆಂದು ಸರ್ಕಾರದವರು ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಬೆಳೆಸಿದರು. ನೇರವಾದ ರಸ್ತೆಗಳು, ಅಗಲವಾದ ನಿವೇಶನಗಳು. ಅವನ್ನು ಜಾತಿಮತಗಳಿಗನುಸಾರವಾಗಿ ಹಂಚಿದ್ದುದೂ ಉಂಟು. ಮನೆಗಳ ಹಿಂದೆ ಮಲ ಹೊರುವ ಕೆಲಸದವರು ಬಂದುಹೋಗಲೆಂದು ಪ್ರತ್ಯೇಕವಾದ ಕನ್ಸರ್ವೆನ್ಸಿ ಓಣಿ. ಯಾರು ಮುಂಬಾಗಿಲಿಗೆ ಬರತಕ್ಕವರು, ಯಾರು ಹಿಂಬಾಗಿಲಿಗೆ ಬರತಕ್ಕವರು ಎಂಬುದು ನಕ್ಷೆಯಲ್ಲಿಯೇ ನಿಶ್ಚಯವಾಗಿತ್ತು. ಹಳೆಯ ಮಲ್ಲೇಶ್ವರವನ್ನು ನೆನೆದು ನಿಟ್ಟುಸಿರಿಡುವವರು ಈ ಓಣಿಯನ್ನು ಮರೆಯುವುದು ನ್ಯಾಯವಲ್ಲ.

ಆದರೆ ನಕ್ಷೆಯಲ್ಲಿಲ್ಲದ ಒಂದು ಏರ್ಪಾಡು ತಾನಾಗಿ ಬೆಳೆಯಿತು. ಅದೇ ವಠಾರ. ನಿವೇಶನ ಕೊಂಡ ವಕೀಲರೋ ಅಮಲ್ದಾರರೋ ಹಿತ್ತಿಲಿನಲ್ಲಿ ನಾಲ್ಕಾರು ಸಣ್ಣ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದರು. ನಡುವೆ ಅಂಗಳ, ಎಲ್ಲರಿಗೂ ಒಂದೇ ಬಾವಿ ಅಥವಾ ನಲ್ಲಿ, ಸರದಿಯ ಮೇಲೆ ಬಚ್ಚಲು. ಶಾಲೆಯ ಉಪಾಧ್ಯಾಯರು, ಕಚೇರಿಯ ಗುಮಾಸ್ತರು, ಅಡಿಗೆಯ ವೃತ್ತಿಯವರು, ಗಂಡನನ್ನು ಕಳೆದುಕೊಂಡು ಹಪ್ಪಳ ಸಂಡಿಗೆ ಮಾಡಿ ಮಕ್ಕಳನ್ನು ಓದಿಸಿದ ತಾಯಂದಿರು, ಇವರೆಲ್ಲ ದೊಡ್ಡ ಮನೆಯವರ ಬೀದಿಯಲ್ಲಿಯೇ ಬಾಳಿದರು. ವಠಾರವು ಸ್ವರ್ಗವಾಗಿರಲಿಲ್ಲ. ನೀರಿಗಾಗಿ ಜಗಳವಿತ್ತು, ಮನೆಯೊಡೆಯರು ಜಾತಿ ವಿಚಾರಿಸದೆ ಬೀಗದ ಕೈ ಕೊಡುತ್ತಿರಲಿಲ್ಲ. ಆದರೂ ಹತ್ತು ಬಗೆಯ ವರಮಾನದವರು ಒಂದೇ ಶಾಲೆ, ಒಂದೇ ಮಾರುಕಟ್ಟೆ, ಒಂದೇ ಗ್ರಂಥಾಲಯವನ್ನು ಬಳಸುವಂತಾದುದು ಇದರಿಂದಲೇ.

1941ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1951ಕ್ಕೆ ಅದು 8 ಲಕ್ಷದ ಸಮೀಪಕ್ಕೆ ಬಂದಿತು. 2011ರಲ್ಲಿ 84 ಲಕ್ಷ. ನೆಲವು ಮಾತ್ರ ಬೆಳೆಯಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಬಾಡಿಗೆದಾರರನ್ನು ಕಾಪಾಡಿತು; ಅದೇ ಕಾರಣದಿಂದ ಒಡೆಯರು ರಿಪೇರಿಗೆ ಕೈಹಾಕಲಿಲ್ಲ, ಹೆಂಚು ಒಡೆದರೆ ಒಡೆದಂತೆಯೇ ಇತ್ತು. 1999ರ ಕಾನೂನು 2001ರ ಕೊನೆಗೆ ಜಾರಿಗೆ ಬಂದಾಗ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಮನೆಗಳು ಅದರ ರಕ್ಷಣೆಯಿಂದ ಹೊರಗುಳಿದವು. ಅಷ್ಟರೊಳಗೆ ಒಡೆಯರ ಮಕ್ಕಳು ಪರದೇಶಗಳಿಗೆ ಹೋಗಿದ್ದರು. ಪಿಂಚಣಿಯಲ್ಲಿ ಬಾಳುವ ಮುದುಕರು ಕಾಗದದ ಮೇಲೆ ಕೋಟ್ಯಧೀಶರಾದರು! ಬಿಲ್ಡರು ಬಂದು ಮಹಡಿ ಏಳಿಸಿದಾಗ ಒಡೆಯರಿಗೆ ಎರಡು ಫ್ಲಾಟು ದೊರೆತವು. ಹಿತ್ತಿಲಿನವರಿಗೆ ದೊರೆತುದು, ಅವರು ಕೊಟ್ಟಿದ್ದ ಮುಂಗಡದ ಹಣ. ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ಲಿದ್ದ ನೆಲದ ಮೇಲೆ 2010ರಲ್ಲಿ ಭಾರಿ ಮಾಲು ತೆರೆಯಿತು.

ಲಂಡನ್ನಿನಲ್ಲಿ ಕೂಲಿಗಾರರ ಕೇರಿಗಳಿಗೆ ಅನುಕೂಲಸ್ಥರು ನುಗ್ಗಿದುದನ್ನು ಕಂಡು ರೂತ್ ಗ್ಲಾಸ್ ಎಂಬ ವಿದುಷಿಯು 1964ರಲ್ಲಿ ಜೆಂಟ್ರಿಫಿಕೇಷನ್ ಎಂಬ ಪದವನ್ನು ಬಳಕೆಗೆ ತಂದರು. ಜೆಂಟ್ರಿ ಎಂದರೆ ಸಣ್ಣ ಜಮೀನುದಾರವರ್ಗ. ಪದದಲ್ಲಿಯೇ ಒಂದು ಚುಚ್ಚುಮಾತಿದೆ. ನಮ್ಮ ಅಧ್ಯಾಪಕವರ್ಗದವರು ಈ ಪದವನ್ನು ಮಲ್ಲೇಶ್ವರಕ್ಕೂ ಹಾಗೆಯೇ ಅಂಟಿಸುತ್ತಾರೆ. ಅದು ಪೂರ್ತಿ ಸರಿಹೊಂದದು. ಅನುಕೂಲಸ್ಥರು ಇಲ್ಲಿಗೆ ಹೊಸದಾಗಿ ಬಂದವರಲ್ಲ, ಮೊದಲಿನಿಂದಲೂ ಇದ್ದವರು. ಅವರ ನಡುವೆ ಸಂದು ಹುಡುಕಿಕೊಂಡು ನೆಲೆಸಿದ್ದ ಅಲ್ಪವರಮಾನದವರು ಹೋದರು, ಅಷ್ಟೆ. ಅವರೇನೂ ಅದೃಶ್ಯರಾಗಲಿಲ್ಲ. ಅಡಿಗೆಗೆ, ಪಾತ್ರೆಗೆ, ಹೂವಿನ ಬುಟ್ಟಿಯೊಡನೆ, ಊರಿನ ಅಂಚಿನಿಂದ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಗೆ ಹಿಂದಿರುಗುತ್ತಾರೆ.

ವಠಾರವಿದ್ದ ನಿವೇಶನದಲ್ಲಿ ಮಹಡಿ ಏಳಿಸಲು ಪರವಾನಗಿ ಬೇಡುವವರಿಂದ, ಕೆಡವಿದ ಬಾಡಿಗೆಮನೆಗಳಲ್ಲಿ ಅರ್ಧದಷ್ಟನ್ನಾದರೂ ಸಣ್ಣ ಬಾಡಿಗೆಗೆ ಕಟ್ಟಿಕೊಡುವ ಒಡಂಬಡಿಕೆಯನ್ನು ನಗರಾಡಳಿತವು ಏಕೆ ಕೇಳಬಾರದು? ಹಾಗೆ ಕೇಳಿದರೆ ಬಿಲ್ಡರುಗಳು ಓಡಿಹೋಗುವರೆಂಬ ಆಕ್ಷೇಪವುಂಟು. ಮಲ್ಲೇಶ್ವರದ ನೆಲದ ಬೆಲೆಯನ್ನು ಬಲ್ಲವರು ಅದನ್ನು ನಂಬಲಾರರು.